ಪರಿಶೀಲನೆಯಲ್ಲಿ ಪಾಸಾದ ಐಪಿ ವಿಳಾಸ ಒಂದು, ಪೈಥಾನ್ ಸಾಕೆಟ್ ಸಂಪರ್ಕಿಸಿದ್ದು ಇನ್ನೊಂದು: ಭಾಷೆಯನ್ನೇ ಬದಲಾಯಿಸಬೇಕೇ?

ಬೇಡ. ಬಳಕೆದಾರರು ಕೊಟ್ಟ ವಿಳಾಸವನ್ನು ಪರಿಶೀಲಿಸಿ ಸಾಕೆಟ್ (ಜಾಲಸಂಪರ್ಕ ಮಾಡುವ ಲೈಬ್ರರಿ) ಮೂಲಕ ಸಂಪರ್ಕಿಸುವ ನಿಮ್ಮ ಪೈಥಾನ್ ಕೋಡ್‌ನ ಲಾಗ್‌ನಲ್ಲಿ 12.0.0.1 ಎಂದಿದೆ, ಫೈರ್‌ವಾಲ್ ಮಾತ್ರ 10.0.0.1ಕ್ಕೆ ಸಂಪರ್ಕ ಹೋಗಿದೆ ಎನ್ನುತ್ತಿದೆ ಎಂದು ಬರೆದಿದ್ದೀರಿ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿ ಕಂಡ ಕೂಡಲೇ ನಿಮಗೆ ಬಂದ ಕೋರಿಕೆಯಲ್ಲಿ ಏನಿದ್ದಿರಬೇಕು ಎಂದು ನನಗೆ ಹೊಳೆಯಿತು: 012.0.0.1. ಮೊದಲಿಗೊಂದು ಸೊನ್ನೆ.

ನಮಗೂ ಇದೇ ಆಗಿತ್ತು. ನಮ್ಮದು ಬಳಕೆದಾರರು ಕೊಟ್ಟ ಕೊಂಡಿಯಿಂದ ಚಿತ್ರವನ್ನು ತಂದು ತೋರಿಸುವ ಸೇವೆಯಾಗಿತ್ತು. ಯಾರೂ ನಮ್ಮ ಸರ್ವರ್‌ನ ಮೂಲಕ ಒಳಜಾಲಕ್ಕೆ ಇಣುಕಬಾರದು ಎಂದು, ಕೊಂಡಿಯಲ್ಲಿ ಐಪಿ ವಿಳಾಸ ಇದ್ದರೆ ಅದನ್ನು ಪೈಥಾನ್‌ನ ಐಪಿಅಡ್ರೆಸ್ ಮಾಡ್ಯೂಲ್‌ಗೆ ಕೊಟ್ಟು, ಖಾಸಗಿ ವಿಳಾಸವಾಗಿದ್ದರೆ (10.0.0.1ರಂತೆ ಒಳಜಾಲದಲ್ಲಿ ಮಾತ್ರ ಬಳಸುವಂಥದ್ದು) ತಿರಸ್ಕರಿಸುತ್ತಿದ್ದೆವು. ಆಗ ಓಡುತ್ತಿದ್ದದ್ದು ಪೈಥಾನ್ 3.8ರ ಒಂದು ಆರಂಭಿಕ ಆವೃತ್ತಿ. ಒಂದು ದಿನ ಒಳಜಾಲದ ನಿರ್ವಹಣಾ ಪುಟವೊಂದಕ್ಕೆ ನಮ್ಮದೇ ಸೇವೆಯಿಂದ ಕೋರಿಕೆಗಳು ಹೋಗಿರುವುದು ಕಂಡಿತು. ಆ ಪುಟದಲ್ಲಿ ಡೇಟಾಬೇಸ್‌ನ ಗುಪ್ತಪದಗಳಿದ್ದವು. ಎಲ್ಲವನ್ನೂ ಬದಲಾಯಿಸಬೇಕಾಯಿತು, ಗ್ರಾಹಕರಿಗೆ ಪತ್ರ ಬರೆಯಬೇಕಾಯಿತು.

ಕಾರಣ ಹುಡುಕುವುದು ಕಷ್ಟವಾದದ್ದು ಲಾಗ್‌ನಿಂದಲೇ. ಅದರಲ್ಲಿ ಬರೆಯುತ್ತಿದ್ದದ್ದು ಮಾಡ್ಯೂಲ್ ಅರ್ಥಮಾಡಿಕೊಂಡ ವಿಳಾಸವನ್ನು, ಅಂದರೆ ಸಾರ್ವಜನಿಕವಾಗಿರುವ 12.0.0.1 ಅನ್ನು. ನಾವು ಡಿಎನ್‌ಎಸ್ ಅನ್ನು (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಶಂಕಿಸಿದೆವು, ರೂಟಿಂಗ್ ಕೋಷ್ಟಕಗಳನ್ನು ಜಾಲಾಡಿದೆವು. ಕೊನೆಗೆ ಕಚ್ಚಾ ಕೋರಿಕೆಯನ್ನೇ ತೆರೆದು ನೋಡಿದಾಗ ಆ ಸೊನ್ನೆ ಸಿಕ್ಕಿತು.

ಪೈಥಾನ್ 3.8ಕ್ಕಿಂತ ಮುಂಚೆ ಈ ಮಾಡ್ಯೂಲ್ ಸಂದೇಹಕ್ಕೆ ಎಡೆಯಿರುವ ಇಂಥ ಸಂಖ್ಯೆಗಳನ್ನು ಒಪ್ಪುತ್ತಿರಲಿಲ್ಲ. 3.8ರಲ್ಲಿ ಆ ತಡೆಯನ್ನು ತೆಗೆದುಹಾಕಿದರು. 012 ಎಂದರೆ ಹನ್ನೆರಡು ಎಂದು ಸೊನ್ನೆಯನ್ನು ಸುಮ್ಮನೆ ಕಳಚತೊಡಗಿತು. ಆದರೆ ಸಾಕೆಟ್ ಲೈಬ್ರರಿ ವಿಳಾಸವನ್ನು ಸ್ವತಃ ಓದುವುದಿಲ್ಲ, ಆಪರೇಟಿಂಗ್ ಸಿಸ್ಟಂನ ಸಿ ಲೈಬ್ರರಿಗೆ ಒಪ್ಪಿಸುತ್ತದೆ. ಅಲ್ಲಿರುವುದು ಎಂಬತ್ತರ ದಶಕದ ಬಿಎಸ್‌ಡಿ ಯುನಿಕ್ಸ್‌ನಿಂದ ಬಂದ ರೂಢಿ: ಸೊನ್ನೆಯಿಂದ ಆರಂಭವಾದ ಸಂಖ್ಯೆ ಎಂಟರ ಮೂಲದ್ದು. ಎಂಟರ ಮೂಲದಲ್ಲಿ 012 ಎಂದರೆ ಹತ್ತು (ಒಂದು ಎಂಟು, ಮೇಲೆ ಎರಡು). ಅದೇ ರೂಢಿಯಲ್ಲಿ 127.1 ಎಂದರೂ 127.0.0.1, 2130706433 ಎಂಬ ಒಂದೇ ದೊಡ್ಡ ಸಂಖ್ಯೆ ಎಂದರೂ 127.0.0.1. ಹೀಗೆ ಒಂದೇ ಬರಹವನ್ನು ಕಾವಲುಗಾರ ಒಂದು ರೀತಿ ಓದಿದ, ಬಾಗಿಲು ತೆರೆದವನು ಇನ್ನೊಂದು ರೀತಿ ಓದಿದ.

ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಈ ದೋಷಕ್ಕೆ ಸಿವಿಇ-2021-29921 ಎಂಬ ಸಂಖ್ಯೆಯಿದೆ. 3.9.5 ಮತ್ತು 3.8.12ರಲ್ಲಿ ಸರಿಪಡಿಸಿದ್ದಾರೆ, ಈಗ ಮುಂದೆ ಸೊನ್ನೆ ಇದ್ದರೆ ಮಾಡ್ಯೂಲ್ ನೇರವಾಗಿ ದೋಷ ಎಸೆಯುತ್ತದೆ. ಗೋ ಭಾಷೆಗೆ ಹೋಗಲೇ ಎಂದು ಕೇಳಿದ್ದೀರಿ. ಇಂಥದ್ದೇ ದೋಷ ಅದೇ ವರ್ಷ ಗೋದಲ್ಲಿಯೂ ವರದಿಯಾಗಿ 1.17ರಲ್ಲಿ ಸರಿಹೋಯಿತು, ರಸ್ಟ್‌ನಲ್ಲಿ 1.53ರಲ್ಲಿ. ವಿಳಾಸ ಪರೀಕ್ಷಿಸಲು ನೀವೇ ರೆಜೆಕ್ಸ್ (ಬರಹದ ಮಾದರಿ ಹೊಂದಿಸುವ ಸೂತ್ರ) ಬರೆಯುವ ಯೋಚನೆಯನ್ನಂತೂ ದಯವಿಟ್ಟು ಬಿಡಿ. ‘ಒಂದರಿಂದ ಮೂರು ಅಂಕಿ’ ಎಂದು ಎಲ್ಲರೂ ಬರೆಯುವ ಮಾದರಿ 012 ಅನ್ನು ನಗುನಗುತ್ತಾ ಒಳಗೆ ಬಿಡುತ್ತದೆ, ಮತ್ತು ಎರಡು ಓದುವಿಕೆಗಳಿದ್ದ ಕಡೆ ನೀವು ಮೂರನೆಯದನ್ನು ಸೇರಿಸುತ್ತೀರಿ.

ಆವೃತ್ತಿಯನ್ನು ಇವತ್ತೇ ಏರಿಸಿ. ಆದರೆ ನಮಗೆ ನಷ್ಟ ತಂದ ತಪ್ಪು ಆವೃತ್ತಿಯದ್ದಲ್ಲ, ಮತ್ತು ನಿಮ್ಮ ಕೋಡ್‌ನಲ್ಲಿಯೂ ಅದೇ ಇದೆ. ನೀವು ಹಾಕಿರುವ ತುಣುಕನ್ನು ನೋಡಿ: ವಿಳಾಸವನ್ನು ಮಾಡ್ಯೂಲ್‌ಗೆ ಕೊಟ್ಟು ಒಂದು ವಸ್ತುವನ್ನು ಪಡೆಯುತ್ತೀರಿ, ಅದು ಖಾಸಗಿಯೇ ಎಂದು ಕೇಳುತ್ತೀರಿ, ಅಲ್ಲಿಗೆ ಆ ವಸ್ತುವನ್ನು ಎಸೆದು ಬಳಕೆದಾರ ಕೊಟ್ಟ ಮೂಲ ಬರಹವನ್ನೇ ಸಂಪರ್ಕಕ್ಕೆ ಕಳುಹಿಸುತ್ತೀರಿ. ಪರಿಶೀಲಿಸಿದ್ದು ಒಂದನ್ನು, ಬಳಸಿದ್ದು ಇನ್ನೊಂದನ್ನು. ಮಾಡ್ಯೂಲ್ ಕೊಟ್ಟ ವಸ್ತುವನ್ನೇ ಮರಳಿ ಬರಹವಾಗಿಸಿ ಸಾಕೆಟ್‌ಗೆ ಕೊಟ್ಟಿದ್ದರೆ, ಮಾಡ್ಯೂಲ್‌ನಲ್ಲಿ ದೋಷ ಇದ್ದಾಗಲೂ ಸಂಪರ್ಕ 12.0.0.1ಕ್ಕೆ ಹೋಗಿ ನಿಲ್ಲುತ್ತಿತ್ತು. ಒಳಜಾಲಕ್ಕೆ ಕೂದಲೂ ಕೊಂಕುತ್ತಿರಲಿಲ್ಲ. ಒಂದೇ ಒಂದು ಚರಾಕ್ಷರದ ಹೆಸರಿನ ವ್ಯತ್ಯಾಸ. ನಮ್ಮಲ್ಲಿ ಕೋಡ್ ಪರಿಶೀಲಿಸಿದವರ ಕಣ್ಣಿಗೆ ಅದು ಬೀಳಲಿಲ್ಲ, ಏಕೆಂದರೆ ‘ಪರಿಶೀಲನೆ ಇದೆಯೇ’ ಎಂದು ಹುಡುಕುವವರಿಗೆ ಪರಿಶೀಲನೆ ಕಾಣುತ್ತಿತ್ತು.

ಕೊಂಡಿಯಲ್ಲಿ ಐಪಿ ಬದಲು ಹೆಸರು ಇದ್ದರೂ ಇದೇ ಮಾತು. ಪರಿಶೀಲನೆಗೆ ಒಮ್ಮೆ, ಸಂಪರ್ಕಕ್ಕೆ ಇನ್ನೊಮ್ಮೆ ಡಿಎನ್‌ಎಸ್ ಕೇಳಿದರೆ ನಡುವೆ ಉತ್ತರ ಬದಲಾಗಬಹುದು. ಒಮ್ಮೆ ಮಾತ್ರ ಕೇಳಿ, ಬಂದ ಪ್ರತಿ ವಿಳಾಸವನ್ನೂ ಪರೀಕ್ಷಿಸಿ, ಆ ಅಂಕಿಗಳಿಗೇ ಸಂಪರ್ಕ ಮಾಡಿ. ಹೋಸ್ಟ್ ಹೆಡರ್ (ಯಾವ ತಾಣ ಬೇಕೆಂದು ಸರ್ವರ್‌ಗೆ ಹೇಳುವ ಸಾಲು) ಮತ್ತು ಟಿಎಲ್‌ಎಸ್ ಪ್ರಮಾಣಪತ್ರದ (ಸುರಕ್ಷಿತ ಸಂಪರ್ಕದಲ್ಲಿ ತಾಣದ ಗುರುತು) ಪರಿಶೀಲನೆಗೆ ಮಾತ್ರ ಮೂಲ ಹೆಸರನ್ನು ಉಳಿಸಿಕೊಳ್ಳಿ. ಎಚ್‌ಟಿಟಿಪಿ ಲೈಬ್ರರಿ ತಾನಾಗಿಯೇ ಮರುನಿರ್ದೇಶನಗಳನ್ನು (‘ಬೇರೆ ವಿಳಾಸಕ್ಕೆ ಹೋಗು’ ಎಂಬ ಉತ್ತರಗಳನ್ನು) ಹಿಂಬಾಲಿಸುವುದನ್ನು ನಿಲ್ಲಿಸಿ, ಪ್ರತಿ ಹೆಜ್ಜೆಯಲ್ಲೂ ಇದನ್ನೇ ಮಾಡಿ. ಲಾಗ್‌ನಲ್ಲಿ ಬಂದ ಬರಹ ಮತ್ತು ಸಂಪರ್ಕವಾದ ವಿಳಾಸ ಎರಡನ್ನೂ ದಾಖಲಿಸಿ.

ಇನ್ನೊಂದು ಎಚ್ಚರಿಕೆ. ಆವೃತ್ತಿ ಏರಿಸಿದ ಮೇಲೆ ನಿಮ್ಮ ಹಳೆಯ ಸಂರಚನಾ ಕಡತಗಳು ದೋಷ ಎಸೆಯಬಹುದು. ಸಾಲುಗಳು ಅಂದವಾಗಿ ಕೂರಲಿ ಎಂದು 192.168.001.010 ಎಂದು ಬರೆದಿಟ್ಟವರು ನಮ್ಮಲ್ಲಿ ಇದ್ದರು. ಸಾಕೆಟ್ ಅದನ್ನು 192.168.1.8 ಎಂದು ಓದುತ್ತಿತ್ತು. ಕೊನೆಯ ಭಾಗ 008 ಆಗಿದ್ದರಂತೂ, ಎಂಟರ ಮೂಲದಲ್ಲಿ 8 ಎಂಬ ಅಂಕಿಯೇ ಇಲ್ಲದ ಕಾರಣ, ಲಿನಕ್ಸ್ ಅದನ್ನು ಯಂತ್ರದ ಹೆಸರೆಂದು ಭಾವಿಸಿ ಡಿಎನ್‌ಎಸ್‌ನಲ್ಲಿ ಹುಡುಕುತ್ತಿತ್ತು, ‘ಹೆಸರು ಗೊತ್ತಿಲ್ಲ’ ಎಂಬ ದೋಷ ಬರುತ್ತಿತ್ತು. ಸೊನ್ನೆಗಳನ್ನು ಕಿತ್ತುಹಾಕುವ ಸ್ಕ್ರಿಪ್ಟ್ ಬರೆದು ಇವನ್ನು ಒಟ್ಟಾಗಿ ತಿದ್ದಬೇಡಿ. ಬರೆದವರ ಮನಸ್ಸಿನಲ್ಲಿ ಇದ್ದದ್ದು ಹತ್ತಾಗಿದ್ದರೂ ಇಷ್ಟು ಕಾಲ ಕೆಲಸ ಮಾಡಿದ್ದು ಎಂಟು ಆಗಿರಬಹುದು. ಒಂದೊಂದು ಸಾಲಿಗೂ ಆ ಯಂತ್ರ ನೋಡಿಕೊಳ್ಳುವವರನ್ನೇ ಕೇಳಿ ತಿದ್ದಿ.