ಆಟಿಸಂ ಇರುವವರೇ ಆಟಿಸಂ ಸಂಶೋಧನೆಯಲ್ಲಿ ಕೈ ಹಾಕಿದರೆ ಅದು ಪಕ್ಷಪಾತ ಆಗಲ್ವಾ?

ನೀವು ರಾಯಚೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಾ, ಆಟಿಸಂ (ಬೆರೆಯುವ, ಮಾತಾಡುವ, ಸದ್ದು-ಬೆಳಕು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಬಗ್ಗೆ ಪ್ರಾಜೆಕ್ಟ್ ಮಾಡುತ್ತಿದ್ದೀರಿ. ಪ್ರಶ್ನೆಗಳನ್ನು ಆಟಿಸಂ ಇರುವವರ ಜೊತೆ ಕೂತು ಬರೆಯೋಣ ಅಂದುಕೊಂಡಿರಿ. ನಿಮ್ಮ ಗೈಡ್ ಬೇಡ, ಪಕ್ಷಪಾತ ಆಗುತ್ತೆ ಅಂದರು. ಅದು ನಿಜಾನಾ ಅಂತ ಕೇಳಿದ್ದೀರಿ.

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಚೆಕಿಂಗ್ ಕೆಲಸ. ಆಟಿಸಂ ಇದೆ ಅಂತ ಗೊತ್ತಾಗಿದ್ದು 21ನೇ ವಯಸ್ಸಿಗೆ. ನಾನು ಸಂಶೋಧಕ ಅಲ್ಲ. ಆದರೆ ಒಂದು ಸಲ ಸಂಶೋಧನೆಗೆ ಸಿಕ್ಕಿಬಿದ್ದಿದ್ದೇನೆ.

ಒಬ್ಬರು ಫಾರಂ ಹಿಡಿದು ಮನೆಗೆ ಬಂದಿದ್ದರು. ನಾನು ಎದುರಿಗೇ ಕೂತಿದ್ದೆ. ಪ್ರಶ್ನೆ ಎಲ್ಲಾ ಅವ್ವನಿಗೆ. ‘ಮಗ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾನಾ?’ ಅವ್ವ ತಬ್ಬಿಬ್ಬಾದಳು. ‘ದೊಡ್ಡೋರ ಮುಂದೆ ತಲಿ ತಗ್ಗಿಸಿ ಮಾತಾಡಬೇಕಂತ ನಾವ ಕಲಿಸೀವಲ್ರೀ!’ ಅವರು ‘ಇಲ್ಲ’ ಅನ್ನುವಲ್ಲಿ ಟಿಕ್ ಹಾಕಿದರು. ಮುಂದಿನದು, ‘ಕಾರಣ ಇಲ್ಲದೆ ಸಿಟ್ಟಾಗ್ತಾನಾ?’ ‘ಹೌದ್ರೀ, ಹಬ್ಬ ಬಂದರ ಸಾಕು.’ ಅದಕ್ಕೂ ಟಿಕ್. ಕಾರಣ ಇತ್ತು. ಗಣಪತಿ ಮೆರವಣಿಗೆಯ ಡಿಜೆ ನಮ್ಮ ಓಣಿಗೆ ಬಂದರೆ ಶೆಲ್ಫಿನ ಮೇಲಿನ ಲೋಟಗಳು ನಡುಗುತ್ತವೆ, ಜೊತೆಗೆ ನನ್ನ ಹಲ್ಲೂ. ಅದನ್ನು ಬರೆಯಲು ಫಾರಂನಲ್ಲಿ ಜಾಗ ಇರಲಿಲ್ಲ. ನನ್ನನ್ನು ಕೇಳಲೂ ಇಲ್ಲ. ಚಹಾ ಕುಡಿದು ಹೋದರು. ಏನು ಬರೆದರೋ, ಇವತ್ತಿಗೂ ತಿಳಿಸಿಲ್ಲ.

ಇದರಲ್ಲಿ ಪಕ್ಷಪಾತ ಇರಲಿಲ್ವಾ? ಪ್ರಶ್ನೆ ಬರೆಯುವಾಗಲೇ ಅರ್ಧ ತೀರ್ಮಾನ ಆಗಿಹೋಗಿತ್ತು.

ಕೆನಡಾದ ಮಿಶೆಲ್ ಡಾಸನ್ ಬಗ್ಗೆ ಓದಿ. ಅವರಿಗೆ ಆಟಿಸಂ ಇದೆ, ಮೊದಲು ಮನೆಮನೆಗೆ ಅಂಚೆ ಹಂಚುತ್ತಿದ್ದರು. ಆಮೇಲೆ ಮಾಂಟ್ರಿಯಲ್‌ನ ಸಂಶೋಧಕರ ತಂಡ ಸೇರಿದರು. 2007ರಲ್ಲಿ ಅವರ ತಂಡ ಒಂದೇ ಮಕ್ಕಳಿಗೆ ಎರಡು ಬುದ್ಧಿ ಪರೀಕ್ಷೆಯ ಅಂಕ ಹೋಲಿಸಿ ನೋಡಿತು. ವೆಕ್ಸ್ಲರ್ ಪರೀಕ್ಷೆಯಲ್ಲಿ ಮಾತಿನ ಪ್ರಶ್ನೆ ಸಾಕಷ್ಟು ಇರುತ್ತವೆ. ರೇವನ್ ಪರೀಕ್ಷೆಯಲ್ಲಿ ಮಾತೇ ಬೇಡ, ಚಿತ್ರದಲ್ಲಿ ಬಿಟ್ಟುಹೋದ ತುಂಡು ಯಾವುದು ಅಂತ ತೋರಿಸಿದರೆ ಸಾಕು. ಆಟಿಸಂ ಇರುವ ಮಕ್ಕಳು ವೆಕ್ಸ್ಲರ್‌ಗಿಂತ ರೇವನ್‌ನಲ್ಲಿ ಸರಾಸರಿ 30 ಪರ್ಸೆಂಟೈಲ್ ಮೇಲೆ ಬಂದರು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಸುಮಾರು 30 ಸ್ಥಾನ ಮುಂದೆ. ಮಕ್ಕಳು ಅವರೇ, ಅಳೆಯುವ ಪಟ್ಟಿ ಬೇರೆ. ನನಗೆ ಇದು ಅರ್ಥವಾಗುತ್ತೆ. ಪ್ಯಾಂಟ್ ಒಳಗಡೆ ಒಂದು ಹೊಲಿಗೆ ಜಾರಿದ್ದರೂ ನನ್ನ ಕಣ್ಣಿಗೆ ಬೀಳುತ್ತೆ, ಆದರೆ ‘ನಿನ್ನ ಬಗ್ಗೆ ಹೇಳು’ ಅಂದರೆ ಬಾಯಿ ಕಟ್ಟುತ್ತೆ. (ಆಟಿಸಂ ಇರುವವರೆಲ್ಲ ಹೀಗೇ ಅಂತ ಮಾತ್ರ ಬರೆದುಕೊಳ್ಳಬೇಡಿ.)

ಇನ್ನು ‘ನಮ್ಮವರು ನಮ್ಮ ಪರವಾಗಿಯೇ ಬರೆಯುತ್ತಾರೆ’ ಅನ್ನುವ ಭಯ. ಬ್ರಿಟನ್‌ನ ಡೇಮಿಯನ್ ಮಿಲ್ಟನ್ ಆಟಿಸಂ ಇರುವ ಸಮಾಜಶಾಸ್ತ್ರಜ್ಞ. ಪರಸ್ಪರ ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ, ನಮ್ಮೊಬ್ಬರದೇ ಅಲ್ಲ ಅಂತ 2012ರಲ್ಲಿ ಬರೆದರು. 2020ರಲ್ಲಿ ಎಡಿನ್‌ಬರ್ಗ್‌ನ ಸಂಶೋಧಕರು ಇದರ ಜಾಡು ಹಿಡಿದು ಎಂಟೆಂಟು ಜನರ ಸಾಲು ಮಾಡಿ, ಒಬ್ಬರಿಂದ ಒಬ್ಬರಿಗೆ ಒಂದು ಕಥೆ ದಾಟಿಸಲು ಹೇಳಿದರು. ಆಟಿಸಂ ಇರುವವರದೇ ಸಾಲು ಆಟಿಸಂ ಇಲ್ಲದವರ ಸಾಲಿನಷ್ಟೇ ಚೆನ್ನಾಗಿ ದಾಟಿಸಿತು. ಇಬ್ಬರೂ ಬೆರೆತ ಸಾಲಿನಲ್ಲಿ ಕಥೆ ಜಾಸ್ತಿ ಸೋರಿತು. ನಮಗೆಲ್ಲ ಖುಷಿಯೋ ಖುಷಿ. 2025ರಲ್ಲಿ 300ಕ್ಕೂ ಹೆಚ್ಚು ಜನರನ್ನು ಸೇರಿಸಿ ಮತ್ತೆ ನೋಡಿದರೆ, ಸಾಲುಗಳ ನಡುವೆ ಆ ವ್ಯತ್ಯಾಸ ಕಾಣಲಿಲ್ಲ. ಅದನ್ನೂ ಹಾಗೆಯೇ ಪ್ರಕಟಿಸಿದರು. ಪ್ರಶ್ನೆ ಯಾರ ಮನೆಯಿಂದ ಬಂದರೂ ಪರೀಕ್ಷೆ ಒಂದೇ, ಅಲ್ವಾ? ನಿಮ್ಮ ಗೈಡ್‌ಗೆ ಇದನ್ನು ತೋರಿಸಿ.

ಒಂದು ಮಾತು ಒಪ್ಪುತ್ತೇನೆ. ನಾನು ಟೈಪ್ ಮಾಡುತ್ತೇನೆ, ಸಂಬಳ ತರುತ್ತೇನೆ. ಮಾತೇ ಬಾರದ ಹುಡುಗರ ಬದಲು ನಾನೊಬ್ಬನೇ ಕೂತು ಪ್ರಶ್ನೆ ತಿದ್ದಿದರೆ ಅದೂ ತಪ್ಪೇ. ಅವರಿಗೆ ಚಿತ್ರ ತೋರಿಸಿ ಕೇಳಿ, ಜೊತೆಗಿರುವ ಅವ್ವ-ಅಪ್ಪನನ್ನೂ ಕೇಳಿ. ಅವಸರ ಮಾಡಬೇಡಿ.

ಫಾರಂ ಪ್ರಿಂಟ್ ಹಾಕಿಸುವ ಮುಂಚೆ ನನಗೆ ಇಲ್ಲೇ ಮೆಸೇಜ್ ಮಾಡಿ. ಫೋನ್ ಬೇಡ. ಭಾನುವಾರ ಯೂನಿಟ್ ರಜೆ, ಓದಿ ಗುರುತು ಹಾಕಿ ಕಳಿಸುತ್ತೇನೆ. ದುಡ್ಡು ಕೊಡುವುದಿದ್ದರೆ ಮೊದಲೇ ಹೇಳಿ. ಕೊಡದಿದ್ದರೂ ಮೊದಲೇ ಹೇಳಿ.