‘ಮಾತಿಗೆ ನಿಲುಕದ್ದು’ ಅಂತ ಬರೆದು ಕೈಬಿಡಬೇಡಿ

ಸದಾಶಿವಗಡದ ಗೆಳೆಯರೇ,

ನಿಮ್ಮ ಪ್ರಬಂಧ ಓದಿದೆ. ಐಸ್‌ಲ್ಯಾಂಡಿನ ಸಿಗುರ್ ರೋಸ್ ಬ್ಯಾಂಡನ್ನು ನೀವು 2008ರಲ್ಲಿ, ಲಂಡನ್ನಿನಲ್ಲಿ ಓದುತ್ತಿದ್ದಾಗ ನೋಡಿದ್ದಿರಿ. 2023ರಲ್ಲಿ ಅದೇ ಊರಲ್ಲಿ ಮತ್ತೆ ನೋಡಿದಿರಿ, ಈ ಸಲ ದೊಡ್ಡ ಆರ್ಕೆಸ್ಟ್ರಾ ಜತೆಗೆ. ಆ ಎರಡನೇ ರಾತ್ರಿಯ ಬಗ್ಗೆ ಬರೆದಿದ್ದೀರಿ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟಗಳಲ್ಲಿ ‘ಅಲೌಕಿಕ’, ‘ಮಾತಿಗೆ ನಿಲುಕದ್ದು’ ಅನ್ನೋ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಅವುಗಳ ನಡುವೆ ಕಾಳಿ ನದಿ, ದೇವಬಾಗದ ಗಾಳಿಮರ, ಬೆಳಗಿನ ಮಂಜು. ನಮ್ಮ ಕಡಲತೀರ ನನಗೂ ತುಂಬಾ ಇಷ್ಟ. ಆದರೆ ಸಂಗೀತ ಕಾಳಿಯ ಹಾಗೆ ಹರಿಯಿತು ಅಂದರೆ ನನ್ನ ಕಣ್ಣಿಗೆ ಕಾಳಿ ಬರುತ್ತದೆ. ಕಿವಿಗೆ ಏನೂ ಬರುವುದಿಲ್ಲ.

ಕೇಳಿಸುವಂತೆ ಬರೆಯಲು ನಿಮ್ಮ ಹತ್ತಿರ ಬೇಕಾದಷ್ಟಿದೆ. ಬ್ಯಾಂಡಿನ ಹಾಡುಗಾರ ಯೋನ್ಸಿ ಎಲೆಕ್ಟ್ರಿಕ್ ಗಿಟಾರನ್ನು ಸೆಲ್ಲೋ ಕಮಾನಿನಿಂದ ಉಜ್ಜಿ ನುಡಿಸುತ್ತಾರೆ. ಬೆರಳಲ್ಲಿ ಮೀಟಿದ ಸ್ವರ ಹುಟ್ಟಿದ ಕೂಡಲೇ ಸೊರಗಲು ಶುರುವಾಗುತ್ತದೆ. ಕಮಾನು ಎಳೆದರೆ ಎಳೆದಷ್ಟು ಹೊತ್ತೂ ನಿಲ್ಲುತ್ತದೆ. ಅದಕ್ಕೆ ರಿವರ್ಬ್, ಅಂದರೆ ದನಿಯ ಅನುರಣನ, ಸೇರಿದರೆ ಒಂದು ಸ್ವರ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ತಿಳಿಯುವುದೇ ಇಲ್ಲ. ಕೆಲವು ಹಾಡುಗಳಲ್ಲಂತೂ ಅವರು ಹಾಡುವುದು ಯಾವ ಭಾಷೆಯೂ ಅಲ್ಲ, ಸುಮ್ನೆ ದನಿಗೆ ಒಗ್ಗಿದ ಅಕ್ಷರಗಳು. ಇದ್ಯಾವುದೂ ನಿಮ್ಮ ಬರಹದಲ್ಲಿ ಇಲ್ಲ. ತಂಬೂರಿ, ಶ್ರುತಿಪೆಟ್ಟಿಗೆ ಕೇಳಿ ಬೆಳೆದ ಓದುಗರಿಗೆ ನಿಂತ ಸ್ವರದ ಸುಖ ಗೊತ್ತು. ಅವರ ಮೇಲೆ ನಂಬಿಕೆ ಇಡಿ.

‘ಇಷ್ಟು ವರ್ಷವಾದರೂ ಏನೂ ಬದಲಾಗಿರಲಿಲ್ಲ’ ಎಂದು ಬರೆದಿದ್ದೀರಿ. ಇದು ನಿಜ ಅಲ್ಲ, ಅಲ್ವಾ? 2008ರಲ್ಲಿ ಬ್ಯಾಂಡ್‌ನಲ್ಲಿ ನಾಲ್ವರಿದ್ದರು. ಕೀಬೋರ್ಡ್ ನುಡಿಸುವ ಕ್ಯಾರ್ಟನ್ 2013ರಲ್ಲಿ ಹೊರಗೆ ಹೋದರು, 2022ರಲ್ಲಿ ಮರಳಿದರು. ಡ್ರಮ್ಸ್ ನುಡಿಸುತ್ತಿದ್ದ ಓರಿ 2018ರಲ್ಲಿ ಬಿಟ್ಟರು. ಹಿಂದಿನ ಸ್ಟುಡಿಯೋ ಆಲ್ಬಂ ಬಂದು ಹತ್ತು ವರ್ಷವಾದ ಮೇಲೆ, 2023ರಲ್ಲಿ ಬಂದ ಆಲ್ಬಂನಲ್ಲಿ ಡ್ರಮ್ಸ್ ತೀರಾ ಕಡಿಮೆ, ತಂತಿವಾದ್ಯಗಳದ್ದೇ ರಾಜ್ಯ. ಆ ಹಳೆಯ ಹೊಡೆತ ಇಲ್ಲದೆ ನಿಮಗೆ ಏನನ್ನಿಸಿತು? ಬೇಸರವಾಗಿದ್ದರೆ ಬೇಸರ ಅಂತಲೇ ಬರೆಯಿರಿ.

ಹೊನ್ನಾವರದ ಕಡೆ ಹೋದಾಗ ಹಿರಿಯರನ್ನು ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನ ಪಾತ್ರದ ಬಗ್ಗೆ ಕೇಳಿ. 2017ರಲ್ಲಿ ತೀರಿಕೊಂಡ ಅವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿದವರು. ಹರೆಯದಲ್ಲೂ ಮುಪ್ಪಿನಲ್ಲೂ ಅವರನ್ನು ನೋಡಿದವರು ‘ಅದ್ಭುತ’ ಅಂತ ಹೇಳಿ ಸುಮ್ಮನಾಗುವುದಿಲ್ಲ. ಯಾವ ಪದ್ಯಕ್ಕೆ ಎಷ್ಟು ಕುಣಿದರು, ಎಲ್ಲಿ ಉಸಿರು ಉಳಿಸಿಕೊಂಡರು, ಎಲ್ಲಿ ಬರೀ ಕಣ್ಣಲ್ಲೇ ಮುಗಿಸಿದರು ಅಂತ ಜಗಳಕ್ಕೇ ನಿಲ್ಲುತ್ತಾರೆ. ಅಷ್ಟು ಹತ್ತಿರದಿಂದ ನೋಡುವುದೂ ಪ್ರೀತಿಯೇ. ನಿಮ್ಮ ಬರಹಕ್ಕೆ ಬೇಕಿರುವುದು ಆ ಜಗಳಗಂಟ ಪ್ರೀತಿ.

ಮೂರನೇ ಪುಟದ ಒಂದು ವಾಕ್ಯ ಮಾತ್ರ ನನ್ನನ್ನು ಬಿಡುತ್ತಿಲ್ಲ. ಕೈಗಾದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಮಲಗಿರುತ್ತಿದ್ದರು, ಅವರಿಗೆ ಎಚ್ಚರವಾಗದಷ್ಟು ಸಣ್ಣಗೆ ಈ ಹಾಡುಗಳನ್ನು ಹಾಕಿಕೊಂಡು ಪರೀಕ್ಷೆಗೆ ಓದುತ್ತಿದ್ದೆ ಅಂತ ಬರೆದಿದ್ದೀರಿ. ನಿಮ್ಮ ಪ್ರಬಂಧ ಇರುವುದು ಇಲ್ಲಿ. ಹಿನ್ನೆಲೆಯಲ್ಲಿ ಹರಡಿಕೊಂಡಿರುವ ಇಂಥ ಸಂಗೀತಕ್ಕೆ ಆಂಬಿಯೆಂಟ್ ಎಂಬ ಹೆಸರನ್ನು ಬಳಕೆಗೆ ತಂದ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ 1978ರಲ್ಲಿ ವಿಮಾನ ನಿಲ್ದಾಣಗಳಿಗೆಂದೇ ಒಂದು ಆಲ್ಬಂ ಮಾಡಿದರು. ಗಮನ ಕೊಟ್ಟು ಕೇಳಿದರೂ ಸೈ, ಕೇಳದೆ ಪಕ್ಕಕ್ಕಿಟ್ಟರೂ ಸೈ, ಅಂಥ ಸಂಗೀತ ಅವರಿಗೆ ಬೇಕಿತ್ತು. ನೀವೂ ಮನೆಯಲ್ಲಿ ಹಾಗೇ ಕೇಳಿದವರು: ಅರ್ಧ ಕಿವಿ ಹಾಡಿಗೆ, ಅರ್ಧ ಕಿವಿ ಅಪ್ಪನ ನಿದ್ದೆಗೆ. ಲಂಡನ್ನಿನಲ್ಲಿ ಅದೇ ಸಂಗೀತ ಎದುರಿಗೆ ಬಂದು ಕೂತಿತು. ಸಭಾಂಗಣ ತುಂಬಿದೆ, ಯಾರೂ ಮಾತಾಡುತ್ತಿಲ್ಲ, ಬೇರೆ ಕೆಲಸವಿಲ್ಲ. ಆಗ ಅದು ದೊಡ್ಡದಾಯಿತೋ, ಹತ್ತಿರವಾಯಿತೋ, ಪರಕೀಯವಾಯಿತೋ? ಇದಕ್ಕೆ ಉತ್ತರ ನಿಮ್ಮೊಬ್ಬರಿಗೇ ಗೊತ್ತು.

ಆದ್ದರಿಂದ ಅಪ್ಪನನ್ನು ಮೊದಲ ಪ್ಯಾರಾಕ್ಕೆ ತನ್ನಿ. ವಿಮಾನ, ಹೋಟೆಲು, ಟಿಕೆಟ್ ಸಿಕ್ಕ ಕತೆ ಪೂರ್ತಿ ತೆಗೆಯಿರಿ. ಉಪಮೆ ಒಂದೂ ಬೇಡ, ಕಾಳಿ ಇರಲಿ, ಆದರೆ ನದಿಯಾಗಿಯೇ ಇರಲಿ. ಅಪ್ಪ ಯಾವತ್ತಾದರೂ ಈ ಹಾಡುಗಳನ್ನು ಎಚ್ಚರವಾಗಿದ್ದು ಕೇಳಿದರಾ? ಕೇಳಿದ್ದರೆ ಏನಂದರು ಅಂತ ಬರೆಯಿರಿ. ಎಂಟುನೂರು ಪದ ಸಾಕು. ಮಳೆಗಾಲ ಶುರುವಾಗುವ ಮೊದಲು ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.