ಹೆಸರು ಹೊರಬರುವ ಮೊದಲೇ ಹೊತ್ತಿಕೊಂಡ ಬೆಂಕಿ

ಪ್ರಶ್ನೆ: ಮಗನಿಗೆ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಂ.ಎಸ್‌ಸಿ. ಸೀಟು ಸಿಕ್ಕಿದೆ. ಮನೆಯವರ ವಾಟ್ಸ್ಯಾಪ್ ಗುಂಪಿನಲ್ಲಿ 2024ರ ಸೌತ್‌ಪೋರ್ಟ್ ಗಲಭೆಯ ವಿಡಿಯೋ ಈಗಲೂ ಓಡಾಡುತ್ತಿವೆ. ‘ವಲಸೆ ಬಂದವರು ಮಕ್ಕಳನ್ನು ಇರಿಯುತ್ತಿದ್ದಾರೆ’ ಅಂತ ನಮ್ಮ ಭಾವ. ‘ಅಲ್ಲಿನವರು ನಮ್ಮಂಥವರನ್ನೇ ಹುಡುಕಿ ಹೊಡೆಯುತ್ತಾರೆ’ ಅಂತ ತಂಗಿ. ಹೊರಗಿನವರು ಹೆಚ್ಚಾದರೆ ಅಪರಾಧ ಹೆಚ್ಚುತ್ತದೆಯೇ? ಮಗನನ್ನು ಕಳಿಸಲೋ ಬೇಡವೋ?
– ಒಬ್ಬ ತಾಯಿ, ಅರಸೀಕೆರೆ

ಉತ್ತರ: ಕಳಿಸಿ ಅಮ್ಮಾ. ನಾನು ಶೆಫೀಲ್ಡ್ ಪಕ್ಕದ ರಾದರಮ್‌ನಲ್ಲಿ ನರ್ಸ್. ಆ ಗಲಭೆಯ ಬಿಸಿ ನಮ್ಮ ಊರಿಗೂ ತಟ್ಟಿತ್ತು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಪುಟ್ಟ ಮಕ್ಕಳ ಡಾನ್ಸ್ ಕ್ಲಾಸಿಗೆ 17 ವರ್ಷದ ಹುಡುಗನೊಬ್ಬ ಚಾಕು ಹಿಡಿದು ನುಗ್ಗಿದ. 6, 7 ಮತ್ತು 9 ವರ್ಷದ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಅವನು ವಲಸೆ ಬಂದವನಲ್ಲ, ಕಾರ್ಡಿಫ್‌ನಲ್ಲೇ ಹುಟ್ಟಿದವನು. ತಂದೆ ತಾಯಿ ರುವಾಂಡಾದಿಂದ ಬಂದವರು. ಅಷ್ಟರಲ್ಲೇ ಯಾರೋ ಒಂದು ಮುಸ್ಲಿಂ ಹೆಸರು ಕಟ್ಟಿ, ದೋಣಿಯಲ್ಲಿ ಬಂದು ಆಶ್ರಯ ಕೇಳಿದವನು ಅಂತ ಹಬ್ಬಿಸಿಬಿಟ್ಟರು. ಅಂಥ ಹೆಸರಿನವನೇ ಇರಲಿಲ್ಲ. ಹುಡುಗನಿಗೆ 18 ತುಂಬಿರಲಿಲ್ಲ, ಕಾನೂನಿನ ಪ್ರಕಾರ ಹೆಸರು ಹೇಳುವಂತಿರಲಿಲ್ಲ. ನ್ಯಾಯಾಧೀಶರು ಆ ನಿರ್ಬಂಧ ತೆಗೆದದ್ದು ಆಗಸ್ಟ್ 1ರಂದು. 30ನೇ ತಾರೀಖಿನ ಸಂಜೆಗೇ ಸೌತ್‌ಪೋರ್ಟ್ ಮಸೀದಿಗೆ ಕಲ್ಲು ಬಿದ್ದಾಗಿತ್ತು.

ತೀರಿಕೊಂಡ ಮಕ್ಕಳಲ್ಲಿ ಒಬ್ಬಳ ಅಪ್ಪ ಅಮ್ಮ ಪೋರ್ಚುಗಲ್‌ನಿಂದ ಬಂದವರು. ಅವರೂ ವಲಸಿಗರೇ ಅಲ್ವಾ? ನಿಮ್ಮ ಭಾವನವರಿಗೆ ಇದನ್ನು ದಯವಿಟ್ಟು ಹೇಳಿ.

ಆಗಸ್ಟ್ 4, ಭಾನುವಾರ. ನಮ್ಮೂರ ಹತ್ತಿರದ ಮ್ಯಾನ್ವರ್ಸ್‌ನಲ್ಲಿ ಆಶ್ರಯ ಕೇಳಿ ಬಂದವರನ್ನು ಇಟ್ಟಿದ್ದ ಹೋಟೆಲ್ಲಿಗೆ ಗುಂಪು ಮುತ್ತಿಗೆ ಹಾಕಿತು. ಕಿಟಕಿ ಒಡೆದರು. ಕಸದ ದೊಡ್ಡ ಡಬ್ಬವನ್ನು ಬಾಗಿಲಿಗೆ ತಂದು ನಿಲ್ಲಿಸಿ ಬೆಂಕಿ ಹಚ್ಚಿದರು. ಒಳಗೆ ಜನ ಇದ್ದರು. 50ಕ್ಕೂ ಹೆಚ್ಚು ಪೊಲೀಸರಿಗೆ ಗಾಯವಾಯಿತು. ಅದೇ ವಾರ ಸಂಡರ್‌ಲ್ಯಾಂಡ್‌ನಲ್ಲಿ, ತುರ್ತು ಡ್ಯೂಟಿಗೆ ಟ್ಯಾಕ್ಸಿಯಲ್ಲಿ ಹೊರಟಿದ್ದ ಇಬ್ಬರು ಫಿಲಿಪಿನೋ ನರ್ಸ್‌ಗಳ ಮೇಲೆ ಕಲ್ಲು ತೂರಿದರು. ನಮ್ಮ ವಾರ್ಡಿನಲ್ಲಿ ಆ ದಿನಗಳಲ್ಲಿ ಯಾರೂ ಒಬ್ಬರೇ ಬಸ್ ಸ್ಟಾಪಿಗೆ ಹೋಗುತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿದವರನ್ನು ಇಂಗ್ಲಿಷ್ ಸಹೋದ್ಯೋಗಿಗಳೇ ತಮ್ಮ ಕಾರಿನಲ್ಲಿ ಮನೆಗೆ ಬಿಟ್ಟರು. ‘ಅಲ್ಲಿನವರು’ ಅಂತ ನಿಮ್ಮ ತಂಗಿ ಎಲ್ಲರನ್ನೂ ಒಂದೇ ಕಟ್ಟಿಗೆ ಸೇರಿಸುವುದು ಸರಿಯಲ್ಲ. ಸೌತ್‌ಪೋರ್ಟ್ ಮಸೀದಿಯ ಗೋಡೆಯನ್ನು ಮಾರನೇ ದಿನವೇ ಮತ್ತೆ ಕಟ್ಟಲು ಬಂದವರೂ ಅದೇ ಊರಿನವರು.

ನನಗೆ ಜಾಸ್ತಿ ಸಂಕಟ ತರುವ ಸಂಗತಿ ಬೇರೆ. ಉಗ್ರವಾದ ತಡೆಯಲು ಸರ್ಕಾರ ನಡೆಸುವ ‘ಪ್ರಿವೆಂಟ್’ ಕಾರ್ಯಕ್ರಮದವರಿಗೆ ಆ ಹುಡುಗನ ಬಗ್ಗೆ 2019ರಿಂದ 2021ರ ನಡುವೆ ಮೂರು ಸಲ ತಿಳಿಸಲಾಗಿತ್ತು. ಮೂರು ಸಲವೂ ಅವನು ಕೈತಪ್ಪಿ ಹೋದ. ಮಕ್ಕಳನ್ನು ಕಳೆದುಕೊಂಡ ಮನೆಯವರು ಕೇಳಬೇಕಾದ ಪ್ರಶ್ನೆ ಅದಾಗಿತ್ತು. ಗಲಭೆಯ ಗದ್ದಲದಲ್ಲಿ ಅದು ತಿಂಗಳುಗಟ್ಟಲೆ ಯಾರ ಕಿವಿಗೂ ಬೀಳಲಿಲ್ಲ. 2025ರ ಜನವರಿಯಲ್ಲಿ ಅವನಿಗೆ ಕನಿಷ್ಠ 52 ವರ್ಷದ ಶಿಕ್ಷೆಯಾಯಿತು. ಸಾರ್ವಜನಿಕ ವಿಚಾರಣೆ ಶುರುವಾದದ್ದು ಅದೇ ವರ್ಷದ ಜುಲೈನಲ್ಲಿ.

ಇನ್ನು ಅಪರಾಧದ ಲೆಕ್ಕ. ಸ್ವೀಡನ್ ಸರ್ಕಾರದ ಅಪರಾಧ ತಡೆ ಮಂಡಳಿಯ 2021ರ ವರದಿ ನೋಡಿ. ಸ್ವೀಡನ್ನಿನಲ್ಲೇ ಹುಟ್ಟಿದ ಅಪ್ಪ ಅಮ್ಮನ ಮಕ್ಕಳಿಗೆ ಹೋಲಿಸಿದರೆ, ಹೊರದೇಶದಲ್ಲಿ ಹುಟ್ಟಿದವರು ಪೊಲೀಸರ ಶಂಕಿತರ ಪಟ್ಟಿಯಲ್ಲಿ ಸುಮಾರು 2.5 ಪಟ್ಟು ಹೆಚ್ಚು. ವಯಸ್ಸು, ಆದಾಯ ಮುಂತಾದವನ್ನು ಲೆಕ್ಕಕ್ಕೆ ತಂದರೆ ಆ ಅಂತರ ಇಳಿಯುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಇದನ್ನು ಮುಚ್ಚಿಡುವವರು ವಲಸಿಗರಿಗೆ ಉಪಕಾರವನ್ನೇನೂ ಮಾಡುತ್ತಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಚಿತ್ರ ತಿರುಗುಮುರುಗು. ಅಲ್ಲಿ ದಾಖಲೆ ಇಲ್ಲದೆ ಬಂದವರ ಬಂಧನದ ಪ್ರಮಾಣ ಅಲ್ಲೇ ಹುಟ್ಟಿದವರಿಗಿಂತ ಕಡಿಮೆ. ಬಂದವರಿಗೆ ಕೆಲಸ ಸಿಕ್ಕಿತೇ, ಅವರನ್ನೆಲ್ಲ ಒಂದೇ ಬಡಾವಣೆಗೆ ತುಂಬಿ ಕೈಬಿಟ್ಟರೇ, ಅವರ ಹುಡುಗರನ್ನು ಯಾವ ಗ್ಯಾಂಗು ಸೆಳೆಯಿತು ಎಂಬುದನ್ನೆಲ್ಲ ನೋಡಬೇಕು. ಪಾಸ್‌ಪೋರ್ಟ್ ನೋಡಿ ಹೇಳಲು ಬರುವುದಿಲ್ಲ.

ಗಾಳಿಸುದ್ದಿಯಿಂದ ಇಂಥ ಭಯ ನಮ್ಮ ಬೆಂಗಳೂರಲ್ಲೂ ಹುಟ್ಟಿತ್ತು. 2012ರ ಆಗಸ್ಟ್‌ನಲ್ಲಿ, ಅಸ್ಸಾಂ ಗಲಭೆಗೆ ಇಲ್ಲಿ ಸೇಡು ತೀರಿಸುತ್ತಾರೆ ಅಂತ ಗಾಳಿಸುದ್ದಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲಸ, ಓದು ಬಿಟ್ಟು ಗುವಾಹಟಿ ರೈಲು ಹತ್ತಿದರು. ರೈಲ್ವೆಯವರು ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅವತ್ತು ಆ ಮಕ್ಕಳ ತಾಯಂದಿರೂ ನಿಮ್ಮ ಹಾಗೇ ಕಂಗಾಲಾಗಿದ್ದರು.

ಮಗನಿಗೆ ಹೇಳಬೇಕಾದ್ದು ಇಷ್ಟು. ವಿಶ್ವವಿದ್ಯಾಲಯದ ಸೆಕ್ಯೂರಿಟಿ ನಂಬರನ್ನು ಮೊದಲ ದಿನವೇ ಫೋನಿನಲ್ಲಿ ಹಾಕಿಕೊಳ್ಳಲಿ. ತುರ್ತಿಗೆ 999, ತುರ್ತಲ್ಲದ ದೂರಿಗೆ 101. ಯಾರಾದರೂ ಜನಾಂಗದ ಹೆಸರಲ್ಲಿ ಬೈದರೂ ದೂರು ಕೊಡಲಿ, ಸುಮ್ನೆ ನುಂಗಿಕೊಳ್ಳುವುದು ಬೇಡ. ಇನ್ನೊಂದು ಮಾತು. ತರಕಾರಿ ಹೆಚ್ಚಲು ಅಂತ ನೀವು ಚಾಕು ಕೊಟ್ಟು ಕಳಿಸುತ್ತೀರಿ, ನನಗೆ ಗೊತ್ತು. ಕಾರಣವಿಲ್ಲದೆ ಅಂಥ ಚಾಕು ಜೊತೆಗಿಟ್ಟುಕೊಂಡು ಬೀದಿಯಲ್ಲಿ ಓಡಾಡಿದರೆ ಇಲ್ಲಿ ಅಪರಾಧ, ಜೈಲೂ ಆಗಬಹುದು. ಬ್ಯಾಗಿನಲ್ಲಿ ಮರೆತು ಬಿಟ್ಟಿದ್ದೆ ಅಂದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಲ್ಲಿಗೆ ಬಂದ ಮೇಲೆ ಅಂಗಡಿಯಲ್ಲಿ ಕೊಂಡು, ಕವರ್ ಬಿಚ್ಚದೆ ನೇರ ರೂಮಿಗೆ ಒಯ್ಯಲಿ.